ಫಲಕದಲ್ಲಿ ಒಂದೇ ಹೆಸರು

ನನ್ನ ಗಂಡ ರಾಮದಾಸ್ ಉಡುಪಿಯವರು. ಓದಲು ಜರ್ಮನಿಯ ಮ್ಯಾನ್‌ಹೈಮ್‌ಗೆ ಬಂದು, ಕ್ರಿಕೆಟ್ ಸಿಗದೆ ಬೇಸ್‌ಬಾಲ್ ಹಿಡಿದವರು. ಹನ್ನೆರಡು ವರ್ಷ ಇಲ್ಲಿ ಫೆರೈನ್ ಎನ್ನುವ ಊರಿನ ಕ್ಲಬ್ಬಿಗೆ ಪಿಚರ್ ಆಗಿ ಚೆಂಡೆಸೆದು, ಮೊಣಕೈ ಕೆಟ್ಟ ಮೇಲೆ ಮೈಕ್ ಹಿಡಿದರು. ಈಗ ಭಾನುವಾರ ಬಂತೆಂದರೆ ಮೈದಾನದ ಸ್ಪೀಕರಿನಲ್ಲೂ ಇಂಟರ್ನೆಟ್ ನೇರಪ್ರಸಾರದಲ್ಲೂ ಅವರದೇ ಜರ್ಮನ್ ದನಿ. ಚೆಂಡು ಕೈಬಿಟ್ಟ ಫೀಲ್ಡರನನ್ನು ಕಂಡರೆ, “ಇವನ ಮನೆಯಲ್ಲಿ ಮಗುವನ್ನು ಹೆಂಡತಿಯೇ ಎತ್ತಿಕೊಳ್ಳಲಿ” ಎನ್ನುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ. ಆ ಫೀಲ್ಡರೂ ನಗಬೇಕಾಗುತ್ತದೆ.

ಪಕ್ಕದ ಕುರ್ಚಿಯಲ್ಲಿ ಸ್ಕೋರರ್ ಆಗಿ ಕೂರುವವಳು ನಾನು. ಚೆಂಡು ಹೊಡೆದವನು ಔಟಾಗದೆ ಓಡಿ ಬೇಸ್ ತಲುಪಿದರೆ, ಅದು ಅವನ ಹೊಡೆತದ ಬಲವೋ ಫೀಲ್ಡರನ ತಪ್ಪೋ ಎಂದು ತೀರ್ಮಾನಿಸುವುದು ನನ್ನ ಕೆಲಸ. ಮೊದಲನೆಯದು ಹಿಟ್, ಎರಡನೆಯದು ಎರರ್. ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡದ ಪಿಚರನ ಹೆಸರನ್ನು ಕ್ಲಬ್ಬಿನ ಫಲಕದ ಮೇಲೆ ಬರೆಯುತ್ತಾರೆ. ಅಲ್ಲಿರುವುದು ರಾಮದಾಸ್ ಒಬ್ಬರದೇ.

ಅದನ್ನು ಅಲ್ಲಿ ಕೂರಿಸಿದ್ದು ನಾನೇ. ಹನ್ನೊಂದು ವರ್ಷದ ಹಿಂದೆ, ಹೊಸದಾಗಿ ಮದುವೆಯಾದ ಹುರುಪಿನಲ್ಲಿ, ಕೊನೆಯ ಇನಿಂಗ್ಸಿನ ಅಪ್ಪಟ ಹಿಟ್ ಒಂದನ್ನು ಎರರ್ ಎಂದು ಬರೆದೆ. ಆ ತಪ್ಪು ಹೊತ್ತ ಫೀಲ್ಡರ್ ಮರುವರ್ಷ ಆಟಕ್ಕೆ ಬರಲಿಲ್ಲ. ಇವರಿಗೂ ಎಲ್ಲ ಗೊತ್ತು. ಈ ಬಗ್ಗೆ ನಾವಿಬ್ಬರೂ ಈವರೆಗೆ ತುಟಿ ಬಿಚ್ಚಿಲ್ಲ.

ಕಳೆದ ಜೂನ್‌ನಲ್ಲಿ ಸುಹಾಸ್ ಎಸೆಯುತ್ತಿದ್ದ. ಮೈಸೂರಿನ ಹುಡುಗ, ಮಾಸ್ಟರ್ಸ್ ಓದುತ್ತಿದ್ದಾನೆ. ಪ್ರತಿ ಮಂಗಳವಾರ ಅವನಿಗೆ ಪಿಚಿಂಗ್ ಕಲಿಸಿದವರೂ ರಾಮದಾಸರೇ. ಕೊನೆಯ ಇನಿಂಗ್ಸ್ ಬಂದರೂ ಒಂದೂ ಹಿಟ್ ಇಲ್ಲ. ಫಲಕದ ಎರಡನೆಯ ಹೆಸರು ಬಾಗಿಲಿಗೇ ಬಂದಿತ್ತು. ಇವರ ದನಿ ಒಣಗಿದ್ದನ್ನು ನಾನೊಬ್ಬಳೇ ಗಮನಿಸಿದೆ.

ಆಗ ಬ್ಯಾಟಿಗೆ ತಗುಲಿದ ಸುಲಭದ ಚೆಂಡೊಂದು ಉರುಳಿಕೊಂಡು ಹೋಗಿ ಫೀಲ್ಡರನ ಕಾಲ ಸಂದಿಯಲ್ಲಿ ನುಸುಳಿತು. ನಾನು ಪೆನ್ನು ಎತ್ತುವ ಮೊದಲೇ ಸ್ಪೀಕರಿನಲ್ಲಿ, “ಹಿಟ್! ಎಂಥ ಹೊಡೆತ!” ಎಂದು ಕೇಳಿಸಿತು.

ಮೈಕಿಗೆ ಕೈ ಅಡ್ಡ ಹಿಡಿದು ಇವರು ನನ್ನತ್ತ ತಿರುಗಿದರು. “ಹಿಟ್ ಅಂತ ಬರಿ ಮಾರಾಯ್ತಿ.”

“ಅದು ಎರರ್ ಅಲ್ವಾ? ಎಲ್ಲರೂ ನೋಡಿದ್ದಾರೆ.”

“ಎಲ್ಲರೂ ನಾನು ಹೇಳಿದ್ದನ್ನು ಕೇಳಿದ್ದಾರೆ. ನೀನು ಎಂಥೆಂಥದ್ದೆಲ್ಲ ಬರ್ದಿದ್ದಿ ಅಂತ ನಂಗೆ ಗೊತ್ತುಂಟು.”

ಹನ್ನೊಂದು ವರ್ಷ ಜೋಪಾನ ಮಾಡಿದ್ದನ್ನು ಹೀಗೆ ಮುಖಕ್ಕೆ ಎಸೆದರು. ಹೇಸಿಗೆಯಾಯಿತು, ಅವರ ಮೇಲೂ ನನ್ನ ಮೇಲೂ. ಹಿಟ್ ಎಂದು ಬರೆದೆ.

ಪಂದ್ಯ ಮುಗಿದ ಮೇಲೆ ಇವರು ಸುಹಾಸನನ್ನು ನೇರಪ್ರಸಾರಕ್ಕೆ ಕರೆದು ಹೆಗಲ ಮೇಲೆ ಕೈಹಾಕಿ, ಕೂದಲೆಳೆಯಲ್ಲಿ ತಪ್ಪಿದ್ದು ಹೇಗನ್ನಿಸುತ್ತದೆ ಎಂದು ಕೇಳಿದರು. ಹುಡುಗ ತುಟಿ ಕಚ್ಚಿಕೊಂಡು ಉತ್ತರಿಸಿದ. ಆಮೇಲೆ ನನ್ನ ಬಳಿ ಬಂದ.

“ಅಕ್ಕಾ, ಅಮ್ಮ ಮೈಸೂರಿಂದ ಲೈವ್ ನೋಡ್ತಿದ್ರು. ಅದು ಎರರ್ ಥರ ಕಾಣ್ತು ಅಂತಿದ್ದಾರೆ. ನಿಮಗೇನನ್ಸತ್ತೆ?”

“ಹಿಟ್ಟೇ ಕಣೋ.”

“ಸರಿ ಬಿಡಿ. ಏನಾದ್ರೂ ಡೌಟ್ ಇದ್ದಿದ್ರೆ ರಾಮದಾಸ್ ಸರ್ ನನ್ನ ಕಡೆನೇ ಹೇಳ್ತಿದ್ರು.”

ಬರೆದದ್ದನ್ನು ತಿದ್ದಲು ಸ್ಕೋರರಿಗೆ ಒಂದು ದಿನದ ಅವಕಾಶವಿರುತ್ತದೆ. ಸೋಮವಾರ ಇಡೀ ದಿನ ಸ್ಕೋರ್ ಹಾಳೆ ಅಡುಗೆಮನೆಯ ಮೇಜಿನ ಮೇಲಿತ್ತು. ಮದುವೆಯಾದಾಗಿನಿಂದ ಒಲೆ ಮುಟ್ಟದ ಮನುಷ್ಯ ಅಂದು ಎರಡು ಸಲ ಚಹಾ ಮಾಡಿಕೊಟ್ಟರು. ನಾನು ಕುಡಿದೆ. ಆರು ಗಂಟೆಗೆ ಹಾಳೆಯನ್ನು ಹಾಗೆಯೇ ಸ್ಕ್ಯಾನ್ ಮಾಡಿ ಲೀಗ್ ಕಚೇರಿಗೆ ಕಳಿಸಿದೆ.