ಅಜ್ಜಿಯ ಗುದ್ದಲಿ, ನಿಂತ ಡೌನ್‌ಲೋಡ್

ಯಲಹಂಕದ ಈ ಮನೆಗೆ ನಾನೇ ಹಿರಿಯಳು. ನನ್ನ ಮಾತೇ ಕೊನೆ. ನನ್ನ ಹಳೇ ಕಂಪ್ಯೂಟರಿಗೆಂದು ಜನ ತಮ್ಮಲ್ಲಿರುವ ತುಣುಕುಗಳನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಟೊರೆಂಟಿನಲ್ಲಿ ಇಳಿಸುತ್ತಿದ್ದ, ಕಂಪ್ಯೂಟರ್ ನಡೆಸುವ ಹೊಸ ಲಿನಕ್ಸ್ ಇವತ್ತು ಅರ್ಧಕ್ಕೇ ನಿಂತಿತು.

“ಈ ಕಂಪ್ಯೂಟರನ್ನ ಗುಜರಿಗೆ ಹಾಕೋಣಮ್ಮ,” ಎಂದ ಮಗ. ನೋಡಿದರೆ, ನಮ್ಮಿಂದ ಯಾರಿಗೂ ಏನೂ ಹೋಗದಂತೆ ಅಪ್‌ಲೋಡ್ ಮುಚ್ಚಿದ್ದವನು ಅವನೇ. ಕೊಡದವರಿಗೆ ಅಲ್ಲಿ ಬೇರೆಯವರೂ ಕೊಡುವುದಿಲ್ಲ.

ರಾಜಾನುಕುಂಟೆಯ ನಮ್ಮ ಗದ್ದೆ ಕಣ್ಮುಂದೆ ಬಂತು. ನಾನು ಚಿಕ್ಕವಳಿದ್ದಾಗ ಒಮ್ಮೆ ಅಪ್ಪ ಕೆಳಗಿನವರ ಗದ್ದೆಗೆ ಹೋಗುವ ಕಾಲುವೆಗೆ ಮಣ್ಣು ಹಾಕಿ ಕಟ್ಟಿದ. ಕೆರೆಯ ನೀರು ಹಂಚುವ ನೀರುಗಂಟಿ ನಮಗೂ ನೀರು ನಿಲ್ಲಿಸಿದ.

“ಗೌಡ್ರೇ, ನೀವು ಕೆಳಕ್ಕೆ ಬುಟ್ರೆ ನಾನೂ ಬುಡ್ತೀನಿ,” ಎಂದ.

ಅಪ್ಪ ಮೀಸೆ ತಿರುವಿದ. ಅಜ್ಜಿ ಸೀರೆ ಎತ್ತಿ ಕಟ್ಟಿ, ಎಲೆಅಡಿಕೆ ಉಗಿದು, ಅಪ್ಪನೆದುರೇ ಗುದ್ದಲಿಯಿಂದ ಕಾಲುವೆಯ ಮಣ್ಣು ಎಳೆದಳು.

ನಾನು ಅಪ್‌ಲೋಡ್ ತೆರೆಯಲು ಹೊರಟೆ. “ನಮ್ಮ ನೆಟ್ ಊರೋರಿಗೆಲ್ಲಾ ಹೋಗತ್ತಮ್ಮ!” ಎಂದ ಮಗ.

“ಹೋಗ್ಲಿ ಬಿಡೋ,” ಎಂದು ಅಪ್‌ಲೋಡ್ ತೆರೆದೆ. ಲಿನಕ್ಸ್ ಪೂರ್ತಿ ಇಳಿಯಿತು. ಈ ಕಥೆಯನ್ನು ಆ ಹಳೇ ಕಂಪ್ಯೂಟರಿನಲ್ಲೇ ಬರೆದಿದ್ದೇನೆ.