ಕಟ್ಟಪುಣಿಯ ಮೇಲೆ ಓಡಿಸಿದವರು

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಸೆಬೀಜದ ಬಣ್ಣದ ದಪ್ಪ ಚರ್ಮವಿತ್ತು. ನಮ್ಮ ಕಾಲೇಜಿನ ಮೈದಾನದಲ್ಲಿ ಎದ್ದು ನಿಂತಿದ್ದ ಒಂದು ಮುರಕಲ್ಲಿಗೆ ಎಡವಿದ್ದರಿಂದ ಹೋದ ಉಗುರು ಅದು. ಮತ್ತೆ ಬರಲೇ ಇಲ್ಲ. "ಈ ಮೈದಾನ ನನಗೆ ಏನೂ ಕೊಡ್ಲಿಲ್ಲ ಮಾರಾಯ, ಒಂದು ಉಗುರು ಮಾತ್ರ ತೆಕ್ಕೊಂಡಿದೆ" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ನನಗೆ ಆಗಲೂ ನಗು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಅರವತ್ತರ ದಶಕದ ನಡುವಿನ ಮಾತು. ಮೂಡುಬಿದಿರೆಯಿಂದ ಬೆಳುವಾಯಿಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡದ ಮೇಲೆ ನಮ್ಮ ಕಾಲೇಜು ಹೊಸದಾಗಿ ಶುರುವಾಗಿತ್ತು. ಅವರು ಅಲ್ಲಿ ದೈಹಿಕ ಶಿಕ್ಷಣದ ನಿರ್ದೇಶಕರು. ಹುದ್ದೆಯ ಹೆಸರು ಅಷ್ಟುದ್ದ ಇದ್ದರೂ ಕೆಲಸ ಮಾತ್ರ ಹಂಗಾಮಿ. ನಾವು ಎದುರಿಗೆ ಸರ್ ಎನ್ನುತ್ತಿದ್ದೆವು, ಹಿಂದಿನಿಂದ ಡ್ರಿಲ್ ಮಾಸ್ಟ್ರು ಎನ್ನುತ್ತಿದ್ದೆವು. ಗಂಟೆ ಹೊಡೆಸುವುದು, ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಪರೀಕ್ಷೆಯ ಬೆಂಚುಗಳಿಗೆ ನಂಬರು ಬರೆಯುವುದು, ಮಂತ್ರಿಗಳು ಬಂದರೆ ತೋರಣ ಕಟ್ಟಿಸುವುದು ಎಲ್ಲವೂ ಅವರ ತಲೆಗೇ. ಇಷ್ಟೆಲ್ಲ ಮುಗಿಸಿ ಸಮಯ ಉಳಿದರೆ ಆಟ ಕಲಿಸಬಹುದಿತ್ತು.

ಕಲಿಸುವುದಾದರೂ ಎಲ್ಲಿ? ಕಾಲೇಜು ಕಟ್ಟಲು ಕಲ್ಲು ಕಡಿದು ತೆಗೆದ ಜಾಗವನ್ನೇ ಮೈದಾನ ಎಂದು ಕರೆದಿದ್ದರು. ಅರ್ಧ ಸಮ, ಅರ್ಧ ಗುಂಡಿ. ನೂರು ಮೀಟರು ಓಡುವವನು ಎಂಬತ್ತಕ್ಕೇ ಬ್ರೇಕು ಹಾಕದಿದ್ದರೆ ಮಣ್ಣಿನ ರಾಶಿಗೆ ಹೋಗಿ ಬೀಳುತ್ತಿದ್ದ. ಮಾಸ್ಟ್ರು ಅದನ್ನು ಸಮತಟ್ಟು ಮಾಡಿಸಿಕೊಡಿ ಎಂದು ಆಡಳಿತ ಮಂಡಳಿಗೆ ಅರ್ಜಿ ಬರೆಯುತ್ತಲೇ ಇದ್ದರು. ಎಂತಹ ಚಂದದ ಅಕ್ಷರ! "ಪರಿಶೀಲಿಸಲಾಗುವುದು" ಎಂಬ ಒಂದೇ ಪದ ಹೊತ್ತುಕೊಂಡು ಅರ್ಜಿ ಹಿಂದೆ ಬರುತ್ತಿತ್ತು. ಅವರು ಮತ್ತೊಂದು ಹಾಳೆ ತೆಗೆಯುತ್ತಿದ್ದರು. ನನ್ನಂಥವನಾಗಿದ್ದರೆ ಎರಡನೆಯ ಅರ್ಜಿಯನ್ನು ಹರಿದು ಮೇಜಿನ ಮೇಲೆ ಎಸೆದು ಬರುತ್ತಿದ್ದೆ.

ನಾನು ನರಿಕೊಂಬಿನವನು. ಓದಿಗಾಗಿ ಬೆಳುವಾಯಿಯ ಸೋದರಮಾವನ ಮನೆಯಲ್ಲಿದ್ದೆ. ಬಸ್ಸು ಸರಿಯಾದ ಹೊತ್ತಿಗೆ ಬಂದ ದಿನವೇ ಇಲ್ಲ. ದಿನವೂ ಗುಡ್ಡದ ಬುಡದಲ್ಲಿ ಇಳಿದು ಒಂದೇ ಉಸಿರಿಗೆ ಮೇಲೆ ಓಡುತ್ತಿದ್ದೆ. ಒಂದು ಬೆಳಿಗ್ಗೆ ಮಾಸ್ಟ್ರು ಮೇಲಿನ ಮೆಟ್ಟಿಲಲ್ಲಿ ವಾಚು ಹಿಡಿದುಕೊಂಡು ನಿಂತಿದ್ದರು. ಬೈಗುಳ ಗ್ಯಾರಂಟಿ ಎಂದುಕೊಂಡೆ.

"ಕ್ಲಾಸಿಗೆ ತಡ ಆಯ್ತು" ಎಂದರು. "ಆದ್ರೆ ಓಟ ಅಡ್ಡಿಲ್ಲ. ನಾಳೆ ಆರು ಗಂಟೆಗೆ ಗದ್ದೆಯ ಹತ್ರ ಬಾ."

ಹಾಗೆ ನಾನು ಗುಡ್ಡಗಾಡು ಓಟದ ತಂಡಕ್ಕೆ ಸೇರಿದೆ. ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಗಳಲ್ಲಿ ಮೈದಾನ ಬೇಡದ ಆಟ ಅದೊಂದೇ ಎಂದು ಅವರು ಕಂಡುಕೊಂಡಿದ್ದರು. ಒಂದು ಕಾಲೇಜಿನಿಂದ ಆರು ಮಂದಿ ಓಡಬೇಕು. ಮೊದಲು ಮುಟ್ಟಿದ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ, ಮೊತ್ತ ಯಾರದು ಕಡಿಮೆಯೋ ಅವರಿಗೆ ಶೀಲ್ಡು. ನಮ್ಮ ನಾಯಕ ಬೆಳುವಾಯಿಯ ಜಗನ್ನಾಥ, ಮನೆಯ ಗದ್ದೆಯಲ್ಲಿ ಕೋಣಗಳ ಹಿಂದೆ ಓಡಿ ಬೆಳೆದವನು. ಬೆಳ್ತಂಗಡಿಯ ಲಾರೆನ್ಸ್ ಕಡ್ಡಿಯ ಹಾಗಿದ್ದ, ಆದರೆ ಅವನಿಗೆ ದಣಿವು ಎಂಬುದೇ ಗೊತ್ತಿರಲಿಲ್ಲ. ಉಳಿದ ನಾಲ್ವರಲ್ಲಿ ಮೂವರು ಆಗಾಗ ಬದಲಾಗುತ್ತಿದ್ದರು, ನಾಲ್ಕನೆಯವನು ನಾನು.

ಮಾಸ್ಟ್ರು ನಮ್ಮನ್ನು ಓಡಿಸಿದ್ದು ಕಟ್ಟಪುಣಿಯ ಮೇಲೆ. ಗದ್ದೆಗೂ ಗದ್ದೆಗೂ ನಡುವಿನ ಆ ಕಿರಿದಾದ ಕೆಸರಿನ ಬದುವಿಗೆ ನಮ್ಮ ಕಡೆ ಕಟ್ಟಪುಣಿ ಎನ್ನುತ್ತಾರೆ. ಒಂದು ಪಾದಕ್ಕಿಂತ ಸ್ವಲ್ಪ ಅಗಲ, ಅಷ್ಟೆ. "ಓಟ ಕಾಲಿನ ಕೆಲಸ ಅಲ್ಲ, ಕಣ್ಣಿನ ಕೆಲಸ" ಎನ್ನುವುದು ಅವರ ಮಾತು. ಅವರು ಬರಿಗಾಲಲ್ಲೇ ಮುಂದೆ ಓಡುತ್ತಿದ್ದರು, ನಾವು ಒಬ್ಬರ ಹಿಂದೆ ಒಬ್ಬರು. ಮೊದಲ ವಾರದಲ್ಲೇ ಗದ್ದೆಯ ಯಜಮಾನರು ಅಡ್ಡ ಬಂದರು.

"ಎಂಥ ಮಾರಾಯ್ರೆ ಇದು? ನೀವು ಬೆಳಿಗ್ಗೆ ಓಡಿ ಹೋಗ್ತೀರಿ, ಪುಣಿ ಜರಿದು ನೀರು ಪೂರಾ ಕೆಳಗಿನವನ ಗದ್ದೆಗೆ ಹೋಗ್ತದೆ. ಅವನ ಬಾಯಿಗೆ ನಾನು ಉತ್ತರ ಕೊಡ್ಬೇಕಾ?"

ಮಾಸ್ಟ್ರು ಕೈಮುಗಿದು ಎರಡು ಮಾತು ಕೊಟ್ಟರು. ಜರಿದ ಪುಣಿಯನ್ನು ಅವರೇ ಸರಿಮಾಡುತ್ತಾರೆ. ಮತ್ತೆ, ತಲೆಯ ಮೇಲೆ ಹೊರೆ ಇದ್ದವರು ಎದುರು ಬಂದರೆ ಹುಡುಗರು ಗದ್ದೆಗಿಳಿದು ನಿಲ್ಲುತ್ತಾರೆ. ಎರಡನೆಯದು ಅವರು ಹೊಸದಾಗಿ ಹುಟ್ಟಿಸಿದ ಕಟ್ಟಳೆಯೇನೂ ಅಲ್ಲ, ಊರಿನಲ್ಲಿ ಇದ್ದದ್ದೇ. ಹೊರೆ ಹೊತ್ತವರಿಗೆ ಕೆಳಗೆ ನೋಡಲಿಕ್ಕಾಗುವುದಿಲ್ಲ, ಬದಿಗೆ ಸರಿಯಲಿಕ್ಕೂ ಆಗುವುದಿಲ್ಲ. ಕೈ ಬೀಸಿಕೊಂಡು ಬರುವವನೇ ಕೆಸರಿಗೆ ಇಳಿಯಬೇಕು.

ಅದು ಕೊಯ್ಲಿನ ಕಾಲ. ಬೆಳಿಗ್ಗೆ ಆರಕ್ಕೇ ಹೆಂಗಸರು ಪೈರಿನ ಕಟ್ಟು ಹೊತ್ತು ಅಂಗಳದ ಕಡೆಗೆ ಸಾಲಾಗಿ ಬರುತ್ತಿದ್ದರು. ಮಾಸ್ಟ್ರು ಮುಂದಿನಿಂದ "ಹೊರೆ ಉಂಟು!" ಎಂದು ಕೂಗಿದ ಕೂಡಲೇ ಆರೂ ಮಂದಿ ದಡಕ್ಕನೆ ಗದ್ದೆಗೆ. ಮೂರು ವರ್ಷ ಹೀಗೇ ಓಡಿದೆವು. ಕೊನೆಕೊನೆಗೆ ಅವರು ಕೂಗಬೇಕಾಗಿಯೇ ಇರಲಿಲ್ಲ, ಕಾಲೇ ಇಳಿದುಬಿಡುತ್ತಿತ್ತು. ಭಾನುವಾರ ಅವರು ಲುಂಗಿ ಮೇಲೆ ಕಟ್ಟಿ, ಜರಿದಲ್ಲೆಲ್ಲ ಕೆಸರು ತುಂಬಿ, ಅಂಗೈಯಲ್ಲಿ ತಟ್ಟಿ ನಯಮಾಡುತ್ತಿದ್ದರು. ಒಮ್ಮೆ ಅದೇ ದಾರಿಯಲ್ಲಿ ಬಂದ ನಮ್ಮ ಇಂಗ್ಲಿಷ್ ಅಧ್ಯಾಪಕರು ಅವರನ್ನು ಕೂಲಿಯವರೆಂದು ತಿಳಿದು ದಾರಿ ಕೇಳಿದರಂತೆ. ಮಾಸ್ಟ್ರು ತಲೆ ಎತ್ತದೆ ದಾರಿ ಹೇಳಿ ಕಳುಹಿಸಿದರಂತೆ.

ಮೊದಲ ವರ್ಷ ನಮ್ಮಲ್ಲಿ ಮೂವರೇ ಗುರಿ ಮುಟ್ಟಿದೆವು, ತಂಡ ಲೆಕ್ಕಕ್ಕೇ ಬರಲಿಲ್ಲ. ಎರಡನೆಯ ವರ್ಷ ನಾಲ್ಕನೆಯ ಸ್ಥಾನ. ಮೂರನೆಯ ವರ್ಷದ ಆರಂಭದಲ್ಲಿ ಪ್ರಾಂಶುಪಾಲರು ಮಾಸ್ಟ್ರನ್ನು ಕೋಣೆಗೆ ಕರೆಸಿದರು. ನಾನು ಹಾಜರಿ ಪುಸ್ತಕ ಕೊಡಲು ಹೋಗಿ ಬಾಗಿಲಲ್ಲೇ ನಿಂತಿದ್ದೆ.

"ನೋಡಿ, ಆ ಜಾಗ ಲ್ಯಾಬೊರೇಟರಿ ಕಟ್ಟಡಕ್ಕೆ ಬೇಕು ಅಂತ ಮಂಡಳಿಯವರು ಹೇಳ್ತಿದ್ದಾರೆ. ನೀವು ಈ ವರ್ಷ ಶೀಲ್ಡು ತನ್ನಿ. ತಂದ್ರೆ ನಾನು ಧೈರ್ಯದಲ್ಲಿ ಮಾತಾಡ್ತೇನೆ, ಮೈದಾನ ಪೂರ್ತಿ ಮಾಡಿಸುವ. ಇಲ್ಲದಿದ್ರೆ ನನ್ನ ಕೈಯಲ್ಲಿ ಇಲ್ಲ."

"ಬರವಣಿಗೆಯಲ್ಲಿ ಕೊಡ್ತೀರಾ ಸರ್?" ಎಂದರು ಮಾಸ್ಟ್ರು.

ಪ್ರಾಂಶುಪಾಲರು ನಕ್ಕರು. ಬರೆದು ಕೊಡಲಿಲ್ಲ, ಆದರೂ ಮಾಸ್ಟ್ರು ನಂಬಿದರು. ಅವತ್ತೇ ನಮ್ಮನ್ನು ಗುಂಡಿಯ ಅಂಚಿಗೆ ಕರೆದುಕೊಂಡು ಹೋಗಿ, ಇಲ್ಲಿ ಓಟದ ಪಥ, ಅಲ್ಲಿ ವಾಲಿಬಾಲ್ ಅಂಕಣ, ಆ ಮೂಲೆಯಲ್ಲಿ ಉದ್ದಜಿಗಿತದ ಮರಳು ಎಂದು ಕೈ ಮಾಡಿ ತೋರಿಸಿದರು. ನಮಗೆ ಕಂಡದ್ದು ಮಾತ್ರ ಕಲ್ಲು. ಆದರೆ ಆ ದಿನದಿಂದ ನಮಗೆಲ್ಲ ಒಂದು ವಿಷಯ ಸ್ಪಷ್ಟವಾಗಿತ್ತು. ನಾವು ಗೆದ್ದರೆ ಮೈದಾನ, ಸೋತರೆ ಲ್ಯಾಬೊರೇಟರಿ.

ಪಂದ್ಯ ಮೈಸೂರಿನಲ್ಲಿ. ಘಟ್ಟ ಹತ್ತಿ ಹೋಗುವಾಗ ಬಸ್ಸಿನಲ್ಲಿ ಮೂವರು ವಾಂತಿ ಮಾಡಿಕೊಂಡರು. ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಬೇರೆ ಕಾಲೇಜಿನವರೆಲ್ಲ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಮ್ಮ ಬರಿಗಾಲು ನೋಡಿ ನಗುತ್ತಿದ್ದರು. ಓಟ ಶುರುವಾದ ಮೇಲೆ ಯಾರಿಗೂ ನಗಲು ಉಸಿರು ಉಳಿಯಲಿಲ್ಲ. ಅರ್ಧ ದಾರಿ ಕಳೆಯುವಾಗ ಜಗನ್ನಾಥ ಮೂರನೆಯವನು, ಲಾರೆನ್ಸ್ ಆರನೆಯವನು. ಅವನ ಬೆನ್ನಿಗೇ ನಮ್ಮ ಇನ್ನೊಬ್ಬ. ನಾನು ಒಂಬತ್ತನೆಯವನು. ಶೀಲ್ಡು ನಮ್ಮದೇ ಎಂದು ನನಗೆ ಓಡುತ್ತಲೇ ಗೊತ್ತಾಗಿತ್ತು.

ಕೊನೆಯ ಒಂದು ಮೈಲು ಕೆರೆಯ ಏರಿಯ ಮೇಲೆ. ಮೇಲೆ ಸಣ್ಣ ಕಾಲುದಾರಿ. ಜಗನ್ನಾಥನೂ ಲಾರೆನ್ಸನೂ ಅವನ ಬೆನ್ನಿಗಿದ್ದವನೂ ದಾಟಿ ಹೋಗಿದ್ದರು. ನಾನು ಏರಿ ಹತ್ತುವ ಹೊತ್ತಿಗೆ ಸರಿಯಾಗಿ ಬದಿಯ ಗದ್ದೆಯಿಂದ ಮೇಲೆ ಬಂದ ಹೆಂಗಸರು ಎದುರಾದರು. ಎಲ್ಲರ ತಲೆಯ ಮೇಲೂ ಹುಲ್ಲಿನ ಹೊರೆ.

ನಾನು ಇಳಿದುಬಿಟ್ಟೆ. ಯೋಚನೆ ಮಾಡಿ ಇಳಿದದ್ದಲ್ಲ, ಕಾಲೇ ಇಳಿಯಿತು. ಏರಿಯ ಇಳಿಜಾರಿನ ಹುಲ್ಲಿನಲ್ಲಿ ಕೈಕಟ್ಟಿ ನಿಂತು, ಒಬ್ಬೊಬ್ಬರಾಗಿ ಏಳು ಮಂದಿ ದಾಟುವುದನ್ನು ಕಾದೆ. ಹಿಂದಿನಿಂದ ಬಂದ ಬೂಟಿನವರು ಹೆಂಗಸರ ಸಂದಿಯಲ್ಲೇ ಭುಜ ಅಡ್ಡ ಮಾಡಿಕೊಂಡು ನುಸುಳಿ ಹೋದರು. ಒಬ್ಬ, ಇಬ್ಬರು, ಐವರು. ಕೊನೆಯ ಹೆಂಗಸು ಹೊರೆಯ ಕೆಳಗಿನಿಂದ ನನ್ನನ್ನು ನೋಡಿ ಗಾಬರಿಯಾದಳು. "ಅಯ್ಯೋ, ಯಾಕಪ್ಪಾ ನಿಂತ್ಕಂಡೆ? ಓಡಪ್ಪಾ, ಎಲ್ಲಾ ಹೋಯ್ತಾ ಅವ್ರೆ!"

ಏರಿಯ ಆ ತುದಿಯಲ್ಲಿ ಮಾಸ್ಟ್ರು ನಿಂತಿದ್ದರು. ನಮ್ಮ ಹತ್ತಿರ ಯಾವಾಗಲೂ ಕನ್ನಡದಲ್ಲೇ ಮಾತಾಡುವ ಮನುಷ್ಯ ಅವತ್ತು ತುಳುವಿನಲ್ಲಿ ಕಿರುಚುತ್ತಿದ್ದರು. "ಬಲಿಪು ಮಾರಾಯ, ಬಲಿಪು!" ಓಡು, ಓಡು ಎಂದು. ಓಡಿದೆ. ಒಬ್ಬನನ್ನೂ ಹಿಂದೆ ಹಾಕಲಾಗಲಿಲ್ಲ. ಎರಡು ಅಂಕದಲ್ಲಿ ಶೀಲ್ಡು ಹೋಯಿತು. ಐದು ಸ್ಥಾನ ಕಳೆದುಕೊಂಡವನು ನಾನು. ಕೂಡಿಸಿ ನೋಡಲು ಯಾರೂ ಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಲೇಜಿಗೆ ಬಂದರೆ ಅದಕ್ಕಿಂತಲೂ ಕೆಟ್ಟದ್ದು ಕಾದಿತ್ತು, ಹೊಗಳಿಕೆ. ಪ್ರಾಂಶುಪಾಲರು ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದು, ಶೀಲ್ಡಿಗಿಂತ ಸಂಸ್ಕಾರ ದೊಡ್ಡದೆಂದು ಈ ವಿದ್ಯಾರ್ಥಿ ತೋರಿಸಿದ್ದಾನೆ ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ನನಗೆ ಮೈ ಉರಿದುಹೋಯಿತು. ಯಾರಿಗೆ ಬೇಕಿತ್ತು ಸಂಸ್ಕಾರ? ನಮಗೆ ಬೇಕಾದದ್ದು ಮೈದಾನ. ಅದೇ ವಾರ ಲ್ಯಾಬೊರೇಟರಿಗೆ ಅಡಿಗಲ್ಲು ಇಡುವ ದಿನ ಗೊತ್ತುಮಾಡಿದರು. ತೋರಣ ಕಟ್ಟಿಸುವ ಕೆಲಸ ಮಾಸ್ಟ್ರದ್ದೇ.

ಸಭೆ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದರು. ಮುಖ ಕೆಂಪಾಗಿತ್ತು. "ಹೊಗಳಿಸಿಕೊಂಡದ್ದು ಸಾಕು. ನಾಳೆ ಆರು ಗಂಟೆಗೆ ಬಾ. ಹೊರೆ ಹೊತ್ತವರನ್ನು ದಾಟಿ ಓಡುವುದು ಹೇಗೆ ಅಂತ ಕಲಿಸ್ತೇನೆ. ಮೊದಲೇ ಕಲಿಸ್ಬೇಕಿತ್ತು."

ಮರುದಿನ ಹೋದರೆ ಕಟ್ಟಪುಣಿಯ ಆ ತುದಿಯಿಂದ ಅವರು ತಲೆಯ ಮೇಲೆ ಬೈಹುಲ್ಲಿನ ದೊಡ್ಡ ಕಟ್ಟು ಹೊತ್ತುಕೊಂಡು ನಡೆದು ಬರುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ಮಾತು ಮಾತ್ರ ಹುಲ್ಲಿನ ಕೆಳಗಿನಿಂದ ಬರುತ್ತಿತ್ತು. "ಎಡಗಾಲು ಪುಣಿಯ ಬದಿಗೆ ಒಂದೇ ಒಂದು ಸಲ ಊರು, ಭುಜ ತಿರುಗಿಸು, ಮೇಲೆ ಬಾ. ಓಡು!"

ಓಡಿ ಬಂದೆ. ಅವರ ಎದುರು ಬಂದ ಕೂಡಲೇ ಗದ್ದೆಗೆ ಇಳಿದು ನಿಂತೆ. ಅವರು ತಿರುಗಿ ಹೋಗಿ ಮತ್ತೆ ಬಂದರು. ನಾನು ಮತ್ತೆ ಇಳಿದೆ. ಎಷ್ಟು ಸಲವೋ. ಕೊನೆಗೆ ಅವರ ದನಿ ಒಡೆಯಿತು. "ನನ್ನನ್ನು ದೂಡಿಯಾದ್ರೂ ಓಡು ಮಾರಾಯ! ನಾನು ಬಿದ್ರೆ ಬೀಳ್ತೇನೆ!"

"ಆಗುದಿಲ್ಲ ಸರ್" ಎಂದೆ. ಅಳು ಬಂದಿತ್ತು. ನನ್ನ ಮೇಲೆ, ಅವರ ಮೇಲೆ, ಆ ಹಾಳು ಹುಲ್ಲಿನ ಮೇಲೆ ಎಲ್ಲದರ ಮೇಲೂ ಸಿಟ್ಟು. ಅವರು ಕಟ್ಟನ್ನು ಕೆಳಗೆ ಹಾಕಿ ಅದರ ಮೇಲೆಯೇ ಕುಳಿತರು. ಕುತ್ತಿಗೆಯ ಮೇಲೆಲ್ಲ ಬೈಹುಲ್ಲಿನ ಚೂರು. "ನನಗೂ ಆಗ್ಲಿಕ್ಕಿಲ್ಲ" ಎಂದರು. ಆಮೇಲೆ ಇಬ್ಬರೂ ಕೂತು, ನಾನು ಇಳಿದು ಇಳಿದು ಜರಿಸಿದ್ದ ಪುಣಿಗೆ ಕೆಸರು ಮೆತ್ತಿದೆವು.

ಆ ವರ್ಷದ ಕೊನೆಗೆ ಅವರ ಹಂಗಾಮಿ ಹುದ್ದೆ ಮುಂದುವರಿಯಲಿಲ್ಲ. ಮೈದಾನವೇ ಇಲ್ಲದ ಕಾಲೇಜಿಗೆ ಡ್ರಿಲ್ ಮಾಸ್ಟ್ರು ಯಾಕೆ ಎಂದು ಯಾರೋ ಕೇಳಿದರಂತೆ. ಅವರು ಬೆಳ್ತಂಗಡಿಯ ಕಡೆಯ ತಮ್ಮ ಊರಿಗೆ ಹೋದರು. ನಾನು ಬಂಟ್ವಾಳದಲ್ಲಿ ಶಾಲೆಗೆ ಅಧ್ಯಾಪಕನಾಗಿ ಸೇರಿದೆ. ಹೋಗಿ ನೋಡಬೇಕು ಎಂದುಕೊಂಡೇ ಎರಡು ವರ್ಷ ಕಳೆಯಿತು. ಯಾವ ಮುಖ ಹೊತ್ತುಕೊಂಡು ಹೋಗುವುದು ಎಂಬ ಸಂಕೋಚವೂ ಇತ್ತು.

ಆಷಾಢದ ಒಂದು ಬೆಳಿಗ್ಗೆ ಜಗನ್ನಾಥ ಹೇಳಿ ಕಳುಹಿಸಿದ. ಮಾಸ್ಟ್ರು ಮೂರು ದಿನದ ಜ್ವರದಲ್ಲಿ ತೀರಿಕೊಂಡಿದ್ದರು. ಬಸ್ಸು ಎಂದಿನ ಹಾಗೆ ತಡ. ರಸ್ತೆಯಲ್ಲಿ ಇಳಿದು ಅವರ ಮನೆಗೆ ಗದ್ದೆ ದಾಟಿ ಹೋಗಬೇಕಿತ್ತು. ಕೊನೆಗೊಂದು ಸಲ ಹೆಗಲಾದರೂ ಕೊಡಬೇಕೆಂದು ಚಪ್ಪಲಿ ಕೈಯಲ್ಲಿ ಹಿಡಿದು ಕಟ್ಟಪುಣಿಯ ಮೇಲೆ ಓಡಿದೆ. ನಡುವಿಗೆ ಬರುವಾಗ ಎದುರಿನಿಂದ ಅವರನ್ನು ಹೊತ್ತು ತಂದರು. ಮುಂದಿನ ಹೆಗಲು ಜಗನ್ನಾಥನದು. ಪುಣಿ ಒಬ್ಬರಿಗೇ ಸಾಲದು, ಹೊತ್ತವರು ಒಂದು ಕಾಲು ಮೇಲೆ ಒಂದು ಕಾಲು ಕೆಸರಿನಲ್ಲಿ ಇಡುತ್ತ ಬರುತ್ತಿದ್ದರು.

ನಾನು ಗದ್ದೆಗೆ ಇಳಿದೆ. ಮೊಣಕಾಲಿನವರೆಗೆ ಕೆಸರು. ಅವರು ನನ್ನ ಕಣ್ಣಿನ ಮಟ್ಟದಲ್ಲೇ ದಾಟಿ ಹೋದರು. ಎರಡು ಹೆಬ್ಬೆರಳುಗಳನ್ನೂ ಜೋಡಿಸಿ ನೂಲಿನಲ್ಲಿ ಕಟ್ಟಿದ್ದರು, ಎಡಗಾಲಿನದಕ್ಕೆ ಉಗುರಿರಲಿಲ್ಲ. ಹೆಗಲು ಕೊಡುವ ಎಂದರೆ ಅಲ್ಲಿ ಇನ್ನೊಬ್ಬನಿಗೆ ಜಾಗವೇ ಇರಲಿಲ್ಲ. ಜನರೆಲ್ಲ ಹೋದ ಮೇಲೆ ನೋಡಿದರೆ ನಾನು ಇಳಿದಲ್ಲಿ ಪುಣಿ ಜರಿದು, ನೀರು ಕೆಳಗಿನ ಗದ್ದೆಗೆ ಹರಿಯುತ್ತಿತ್ತು. ಬಿಟ್ಟು ಓಡಿದ್ದರೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದೆ. ನಾನು ಬಗ್ಗಿ, ಕೈ ತುಂಬ ಕೆಸರು ತೆಗೆದು, ಮೆತ್ತಿ, ಅಂಗೈಯಲ್ಲಿ ತಟ್ಟಿ ನಯಮಾಡಿದೆ. ನೀರು ನಿಂತಿತು. ನಾನು ಹೋಗಿ ಸೇರುವಾಗ ಬೆಂಕಿ ಕೊಟ್ಟಾಗಿತ್ತು.