ಪೆನ್ನೇರಿನ ನಡುವೆ ಸಡಿಲಿಸದ ತಿರುಪು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಸರ್ಕಾರವೇ ಊರೂರಿಗೆ ಪಾಲು ಹಾಕಿ ಹಂಚುವಂತೆ ನೂಲಿಗೆ ಕಂಟ್ರೋಲು ಇದ್ದ ಕಾಲ. ಕಲ್ಯಾಣದುರ್ಗದ ನೇಕಾರರ ಕೇರಿಯಲ್ಲಿ ಮಗ್ಗಗಳೆಲ್ಲ ಸದ್ದಡಗಿ ಕುಳಿತಿದ್ದವು. ಅವರ ಪಾಲಿನ ನೂಲು ಹಿಂದೂಪುರದ ರೈಲ್ವೆ ಸ್ಟೇಷನ್ನಿಗೆ ಬಂದು ಇಳಿದಿತ್ತು. ಆದರೆ ಪೆನ್ನೇರಿಗೆ ನೀರು ಬಂದು ಬಸ್ಸು ನಿಂತಿತ್ತು, ಎತ್ತಿನ ಗಾಡಿಗಳು ದಡದಲ್ಲೇ ನೊಗ ಇಳಿಸಿದ್ದವು. ಸಂಜೆಯೊಳಗೆ ನೂಲು ಕೇರಿ ಸೇರದಿದ್ದರೆ ಅದು ಬೇರೆ ಊರಿನ ಪಾಲಾಗುವುದೆಂದು ಅಧಿಕಾರಿಯ ಕಟ್ಟಪ್ಪಣೆ. ಅಂದು, ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಮೋಟಾರ್ ಸೈಕಲ್ಲೊಂದು, ಎಡಪಕ್ಕಕ್ಕೆ ಮೂರನೆಯ ಚಕ್ರವನ್ನೂ ಮರದ ಪೆಟ್ಟಿಗೆಯನ್ನೂ ಕಟ್ಟಿಕೊಂಡು, ಪೇರೂರಿನ ಬಳಿ ಹೊಳೆಗಿಳಿದು ಆಚೆಯ ದಡ ಹತ್ತಿತು. ನೂಲು ಒಂದೆಳೆಯೂ ನೆನೆಯಲಿಲ್ಲ.

ಈ ಸಾಹಸವನ್ನು ಜನ ಇಂದಿಗೂ ಹಿಂದೂಪುರದ ನೂಲಿನ ವರ್ತಕ ಉಜ್ಜಿನಪ್ಪನವರ ಹೆಸರಿನಲ್ಲಿ ಕೊಂಡಾಡುತ್ತಾರೆ. ಕೇರಿಯ ಭಜನೆಮನೆಯ ಗೋಡೆಗಲ್ಲಿನಲ್ಲಿ ಕೆತ್ತಿರುವುದೂ ಅವರ ಹೆಸರನ್ನೇ. ಆ ಮಧ್ಯಾಹ್ನ ಉಜ್ಜಿನಪ್ಪನವರು ತಮ್ಮ ಅಂಗಡಿಯ ಗಾದಿಗೆ ಒರಗಿ ಕುಳಿತಿದ್ದರು. ಹೊಳೆಯ ನೀರಿನಲ್ಲಿದ್ದವರು ಅವರ ಡ್ರೈವರ್ ಕದಿರಪ್ಪ.

ವರ್ಷಗಳು ಕಳೆದು, ಈ ಬೆಳಗ್ಗೆ, ಇನ್ನೂ ಮಬ್ಬು ಹರಿಯದ ಹೊತ್ತಿನಲ್ಲಿ, ಅದೇ ಕದಿರಪ್ಪ ಅದೇ ಗಾಡಿಯ ಪೆಟ್ಟಿಗೆಗೆ ನೂಲಿನ ಕಟ್ಟುಗಳನ್ನು ಜೋಡಿಸುತ್ತಿದ್ದಾರೆ. ಕಟ್ಟುಗಳನ್ನು ಎತ್ತುವುದು ಎಡಗೈ. ಬಲಗೈ ಬರಿಯ ಆಸರೆ. ಹೊಳೆ ದಾಟಿದ ದಿನ ಮುರಿದ ಬಲ ಮಣಿಕಟ್ಟು ವಕ್ರವಾಗಿಯೇ ಕೂಡಿಕೊಂಡಿದೆ. ಮೋಟಾರ್ ಸೈಕಲ್ಲಿನ ವೇಗವೆಲ್ಲ ಬಲಗಡೆಯ ಹಿಡಿಯಲ್ಲಿದೆ. ತಿರುಚಿ ಹಿಡಿದಷ್ಟು ಹೊತ್ತು ಗಾಡಿ ಓಡುತ್ತದೆ, ಬಿಟ್ಟರೆ ಬಳಲುತ್ತದೆ. ಹಿಡಿದುಕೊಂಡೇ ಇರುವ ಬಲ ಆ ಕೈಗಿಲ್ಲ. ಆದ್ದರಿಂದ ಹಿಡಿಯನ್ನು ಬೇಕಾದಷ್ಟು ತಿರುಗಿಸಿ, ಅದರ ಕೆಳಗಿರುವ ಪುಟ್ಟ ತಿರುಪನ್ನು ಎಡಗೈಯಿಂದ ಬಿಗಿಯುತ್ತಾರೆ. ವೇಗ ಅಲ್ಲಿಗೇ ಕಟ್ಟುಬೀಳುತ್ತದೆ. ಅದನ್ನವರು ಲಾಕು ಎನ್ನುತ್ತಾರೆ. ಅವರ ಅನ್ನ ಆ ತಿರುಪಿನಲ್ಲಿದೆ.

ಆ ಅನ್ನಕ್ಕೇ ಈಗ ಕಲ್ಲು ಬಿದ್ದಿದೆ. ಸೋಮವಾರದಿಂದ ನೂಲು ಸಾಗಿಸಲು ಲಾರಿ ಬರಲಿದೆ. ಗಾಡಿಯನ್ನು ಬೆಂಗಳೂರಿನ ಗುಜರಿಯವರಿಗೆ ಮಾರಲು ಮಾತಾಡಿ ಆಗಿದೆ. ಕದಿರಪ್ಪನವರ ಹೆಂಡತಿ ಈರಕ್ಕ ಬುತ್ತಿಯ ಗಂಟನ್ನು ಪೆಟ್ಟಿಗೆಯಲ್ಲಿಡುತ್ತಾ ಗೊಣಗುತ್ತಾರೆ: “ಮಗ್ಗದಾಗೆ ಕುಂತ್ರೆ ಈಯಪ್ಪನ ಕೈಲಿ ಲಾಳಿ ಓಡಕಿಲ್ಲ. ಗಾಡೀನೂ ಹೋದ್ರೆ ಇನ್ನೇನ್ಮಾಡ್ತಾನೆ? ನಾನು ಲಾಳಿಗೆ ನೂಲಿನ ಕಂಡಿಕೆ ಸುತ್ತಿದ್ರಾಗೇ ಇಬ್ಬರ ಹೊಟ್ಟೇನೂ ತುಂಬಬೇಕು.”

ಅಂಗಡಿಯ ಬಾಗಿಲಿಗೆ ಬಂದ ಉಜ್ಜಿನಪ್ಪನವರನ್ನು ಕದಿರಪ್ಪ ಕೊನೆಯ ಬಾರಿ ಕೇಳಿಕೊಳ್ಳುತ್ತಾರೆ.

“ಸಾವ್ಕಾರ್ರೇ, ಗಾಡಿ ನಂಗೆ ಬುಟ್ಬುಡಿ. ಇದು ನಿಂದೇ ಕಣಪ್ಪ ಅಂತ ಅವತ್ತು ನೀವೇ ಅಂದಿದ್ರಿ.”

“ಅಂದಿದ್ದೆ ಕಣ್ಲಾ. ಹಬ್ಬದ ದಿನ ನಮ್ಮನೇನೂ ನಿಂದೇ ಅಂತೀನಿ. ಬಂದು ಮಲಿಕ್ಕಂತೀಯಾ?”

ಮೂಟೆ ಹೊರುವವರು ನಗುತ್ತಾರೆ. ನಗದಿದ್ದರೆ ನಾಳೆ ಕೂಲಿಗೆ ಕರೆಯುವವರಿಲ್ಲವೆಂದು ಅವರಿಗೆ ಗೊತ್ತು.

“ಲಾರಿಗಾದ್ರೂ ನನ್ನ ಹಾಕ್ಕಳಿ.”

“ಆ ಸೊಟ್ಟಗೈಗೆ ಸ್ಟೇರಿಂಗ್ ಕೊಟ್ರೆ ನೂಲು ಕಲ್ಯಾಣದುರ್ಗಕ್ಕೆ ಹೋಗಲ್ಲ ಕಣೋ, ಕೆರೆಗೆ ಹೋಯ್ತದೆ. ನಮ್ಮ ಲಿಂಗಣ್ಣಂಗೆ ದಾರಿ ತೋರ್ಸು. ಅಷ್ಟು ಮಾಡು ಸಾಕು.”

ಲಿಂಗಣ್ಣ ಉಜ್ಜಿನಪ್ಪನವರ ತಂಗಿಯ ಮಗ. ಮೀಸೆ ಈಚೆಗೆ ದಟ್ಟವಾದ ತರುಣ. ಬರಲಿರುವ ಲಾರಿಯ ಡ್ರೈವರ್. ಅವನು ನೂಲಿನ ಕಟ್ಟುಗಳ ಮೇಲೆಯೇ ಕಾಲು ಚಾಚಿ ಕೂರುತ್ತಾನೆ. ಕದಿರಪ್ಪ ಅವನ ಚಪ್ಪಲಿಯನ್ನೊಮ್ಮೆ ನೋಡಿ, “ಕಾಲ್ತೆಗಿ. ಅದು ನೂಲು,” ಎಂದಷ್ಟೇ ಹೇಳಿ ಇಂಜಿನ್ನನ್ನು ಒದೆಯುತ್ತಾರೆ.

ಪರಿಗಿ, ರೊದ್ದಂ ಹಿಂದೆ ಸರಿಯುತ್ತವೆ. ಪೇರೂರಿನ ಬಳಿ ಪೆನ್ನೇರು ಅಡ್ಡ ಬರುತ್ತದೆ. ಈಗ ಹೊಳೆಯಲ್ಲಿ ನೀರಿಲ್ಲ. ಮೊಳಕಾಲು ಹುಗಿಯುವ ಮರಳಿದೆ. ಕದಿರಪ್ಪ ಗೇರು ಇಳಿಸುತ್ತಾರೆ, ತಿರುಪು ಬಿಗಿಯುತ್ತಾರೆ, ಓಡುವ ಗಾಡಿಯಿಂದ ಬಲಕ್ಕೆ ಇಳಿದೇಬಿಡುತ್ತಾರೆ. ಸವಾರನಿಲ್ಲದ ಗಾಡಿ ಪಳಗಿದ ಎತ್ತಿನಂತೆ ಮುಂದೆ ನಡೆಯುತ್ತದೆ.

“ಅಯ್ಯಯ್ಯೋ ಕದಿರಣ್ಣಾ! ಗಾಡಿ ತಾನೇ ಹೋಯ್ತಾ ಐತೆ! ಹತ್ತಣ್ಣೋ!”

“ಮೂರು ಚಕ್ರ ಐತೆ, ಬೀಳಕಿಲ್ಲ ಬುಡು. ನೀನೂ ಇಳಿದು ತಳ್ಳಿದ್ರೆ ಅದಕ್ಕೂ ಪುಣ್ಯ.”

ಎಡಗೈ ಹ್ಯಾಂಡಲಿನ ಮೇಲೆ, ತೊಡೆ ಸೀಟಿಗೆ ಆನಿಸಿ, ಅವರು ಗಾಡಿಯ ಜೊತೆಗೇ ನಡೆಯುತ್ತಾರೆ. ಲಿಂಗಣ್ಣ ಇಳಿದು ಹಿಂದಿನಿಂದ ತಳ್ಳುತ್ತಾ ಕೇಳುತ್ತಾನೆ: “ನಮ್ಮ ಮಾವ ಅವತ್ತು ಹಿಂಗೇ ದಾಟಿಸಿದ್ನಾ?”

“ನಿಮ್ಮ ಮಾವನಾ? ಅವರನ್ನೇ ಕೇಳು ಹೋಗಪ್ಪಾ, ಪೋ ನಾಯ್ನಾ,” ಎನ್ನುತ್ತಾರೆ ಕದಿರಪ್ಪ. ಮರಳಿನಲ್ಲಿ ಓರೆಯಾದ ಹ್ಯಾಂಡಲನ್ನು ಎಡಗೈಯಿಂದ ನೇರ ಮಾಡುತ್ತಾರೆ. ಆಮೇಲೆ ಅವರೇ ಬಾಯಿ ಬಿಡುತ್ತಾರೆ.

“ನೀರು ಮೊಳಕಾಲು ಮಟ್ಟ ಇತ್ತು. ಹಿಂಗೇ ಲಾಕು ಹಾಕಿ ಇಳಿದಿದ್ದೆ. ನಡುವ್ಯಾಗೆ ಪೆಟ್ಟಿಗೆ ಚಕ್ರ ಕಲ್ಲು ಹತ್ತಿ, ಪೆಟ್ಟಿಗೆ ಎದ್ದುಬುಡ್ತು. ಮ್ಯಾಲಿನ ಕಟ್ಟು ಜಾರ್ತು. ಸೀಟಿನ ಮ್ಯಾಲಿಂದ ಬಗ್ಗಿ ಬಲಗೈ ಕೊಟ್ಟೆ. ಎದ್ದ ಪೆಟ್ಟಿಗೆ ಕೂತ್ಕಂತು, ನನ್ನ ಕೈ ಮ್ಯಾಲೆ.”

ಪೆಟ್ಟಿಗೆಯ ಅಂಚಿಗೂ ಗಾಡಿಯ ಕಬ್ಬಿಣಕ್ಕೂ ನಡುವೆ ಮಣಿಕಟ್ಟು ಸಿಕ್ಕಿಕೊಂಡಿತ್ತು. ಗಾಡಿ ಹೋಗುತ್ತಲೇ ಇತ್ತು.

“ಎಡಗೈ ತಿರುಪಿನ ಮ್ಯಾಲೇ ಇತ್ತು. ಸಡ್ಲ ಮಾಡಿದ್ರೆ ಗಾಡಿ ನಿಲ್ತಿತ್ತು, ಕೈ ಉಳೀತಿತ್ತು. ಬ್ಯಾರೆ ಯಾವ ಡ್ರೈವರಾದ್ರೂ ಅದನ್ನೇ ಮಾಡ್ತಿದ್ದ. ನಿಂತ ಗಾಡಿ ನಡುನೀರಾಗೆ ಕುಸೀತದೆ, ನೂಲು ಮುಳುಗ್ತದೆ. ನಾನು ನೇಯೋರ ಮನೆ ಮಗ ಕಣಪ್ಪ. ಸಡ್ಲ ಮಾಡ್ನಿಲ್ಲ. ದಡ ಹತ್ತೋಗಂಟ ಎಳ್ಕಂಡು ಹೋಯ್ತು.”

“ಆಮ್ಯಾಕೆ?”

“ಆಮ್ಯಾಕೇನು! ದಡದಾಗಿದ್ದೋರು ಕೈ ಬಿಡಿಸಿ ನೂಲು ಮುಟ್ಟಿಸಿದ್ರು. ಮೂರನೇ ದಿನ ನಿಮ್ಮ ಮಾವ ಕಲ್ಯಾಣದುರ್ಗಕ್ಕೆ ಬಂದ್ರು. ನಾನು ಆಸ್ಪತ್ರೆ ಜಗಲಿ ಮ್ಯಾಲೆ ಬಿದ್ದಿದ್ದೆ. ಅವರಿಗೆ ಹಾರ ಹಾಕಿ ಕೇರಿ ತುಂಬ ಕರ್ಕಂಡು ಹೋದ್ರಲ್ಲ, ಆ ವಾಲಗದ ಸದ್ದು ಅಲ್ಲಿಗೇ ಕೇಳಿಸ್ತು.”

ಮರಳು ಮುಗಿದು ಗಟ್ಟಿ ನೆಲ ಸಿಕ್ಕುತ್ತದೆ. ಕದಿರಪ್ಪ ತಿರುಪು ಸಡಿಲಿಸಿ ಗಾಡಿ ನಿಲ್ಲಿಸುತ್ತಾರೆ. ಲಿಂಗಣ್ಣ ಪೆಟ್ಟಿಗೆ ಹತ್ತುವುದಿಲ್ಲ.

“ಇನ್ನೊಂದ್ಸಲ ಹೇಳಣ್ಣ.”

“ಯಾಕ್ಲಾ? ನೀನು ದಾರಿ ಕಲಿಯಾಕೆ ಬಂದ್ಯಾ, ಕತೆ ಕೇಳಾಕೆ ಬಂದ್ಯಾ?”

“ಸೋಮಾರದಿಂದ ಆ ಕೇರಿಗೆ ನಾನು ಬತ್ತೀನಿ. ಅವರು ನನ್ನ ಮುಂದೆ ನಮ್ಮ ಮಾವನ್ನ ಹೊಗಳ್ತಾರೆ. ಆವಾಗ ನಾನು ತಪ್ಪಿಲ್ದಂಗೆ ಹೇಳ್ಬೇಕು. ಚಕ್ರ ಕಲ್ಲು ಹತ್ತಿದ ತಾವಿಂದ ಇನ್ನೊಂದ್ಸಲ ಹೇಳು.”